ಅಪ್ಪನ ಅಕ್ಷರ, ತಮ್ಮನ ಮಾತು

ನೋಟರಿ ಬಿಯಾಜೊನ ಕಣ್ಣು ಮಂಜಾಗತೊಡಗಿದ ವರ್ಷ ಅವನ ಮಗಳು ತದ್ದೇಯಾಳಿಗೆ ಹನ್ನೊಂದು ತುಂಬಿತ್ತು. ಸಾವಿರದ ನಾನೂರ ನಲವತ್ತೊಂದನೆಯ ಇಸವಿ. ಮೊದಮೊದಲು ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬರೆಯುವ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡ. ಒಂದು ದೀಪವಿದ್ದಲ್ಲಿ ಎರಡಾದವು. ಒಂದು ದಿನ ಮೀನು ಮಾರುವವನೊಬ್ಬನ ಆಸ್ತಿಪತ್ರದಲ್ಲಿ ಅಳಿಯನ ಹೆಸರು ಇರಬೇಕಾದ ಜಾಗದಲ್ಲಿ ಮಾವನ ಹೆಸರು ಬಿತ್ತು. ಮೀನಿನವನು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿ ಹೋದ. ಅವತ್ತು ಮಧ್ಯಾಹ್ನ ಬಿಯಾಜೊ ಮಗಳನ್ನು ಒಳಗೆ ಕರೆದು ಬಾಗಿಲಿಗೆ ಅಗುಳಿ ಹಾಕಿದ.

"ನನ್ನ ಅಕ್ಷರ ನೋಡಿದೀಯಲ್ಲ. ಹಾಗೇ ಬರೀತೀಯಾ?"

"ಹಾಗೇ ಅಂದ್ರೆ?"

"ಅಂದ್ರೆ ಹಾಗೇ. ನಾನೇ ಬರೆದಿದ್ದು ಅನ್ನೋ ಹಾಗೆ."

ಹೆಂಡತಿ ಪ್ಲೇಗಿನಲ್ಲಿ ತೀರಿಹೋದ ಮೇಲೆ ಹೊತ್ತು ಹೋಗದೆ ಬಿಯಾಜೊ ಮಗಳಿಗೆ ಲ್ಯಾಟಿನ್ ಹೇಳಿಕೊಟ್ಟಿದ್ದ. ತಮಾಷೆಗೆ ಶುರುವಾದದ್ದು ಅದು. ಹುಡುಗಿ ಮಾತ್ರ ಹಸಿದವಳು ಉಣ್ಣುವ ಹಾಗೆ ಕಲಿತಿದ್ದಳು. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ಗಾಸ್ಪರೊ ಇನ್ನೂ ನಾಮಪದದ ಕೊನೆಗಳಲ್ಲೇ ತಡವರಿಸುತ್ತಿದ್ದ. ಹಾಗಾಗಿ ಅಪ್ಪ ಕೇಳಿದಾಗ ಅವಳಿಗೆ ಹೆಮ್ಮೆಯೇ ಆಯಿತು. ಆ ಚಳಿಗಾಲವೆಲ್ಲ ಕೂತು ಅಪ್ಪನ ಉದ್ದ ಬಾಲದ ಅಕ್ಷರಗಳನ್ನೂ ಅವನು ಸಾಲಿನ ಕೊನೆಗೆ ಎಳೆಯುತ್ತಿದ್ದ ಕೊಕ್ಕೆಯನ್ನೂ ತಿದ್ದಿದಳು. ಈಸ್ಟರ್ ಹೊತ್ತಿಗೆ ನೋಟರಿಗಳ ಸಂಘದ ಹಿರಿಯರ ಕೈಗೇ ಅವಳು ಬರೆದ ಪತ್ರವೊಂದು ಹೋಯಿತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿಯಾಜೊ, ಈಚೆಗೆ ನಿನ್ನ ಕೈ ಹದಕ್ಕೆ ಬಂದಿದೆಯಪ್ಪ" ಎಂದರು.

ನಮ್ಮ ತ್ರೆವೀಸೊದಲ್ಲಾಗಲಿ ನಮ್ಮನ್ನಾಳುವ ವೆನಿಸ್‌ನಲ್ಲಾಗಲಿ ನೋಟರಿಯ ಪತ್ರವನ್ನು ನೋಟರಿಯೇ ತನ್ನ ಕೈಯಾರೆ ಬರೆಯಬೇಕು. ಬೇರೆಯವರು ಬರೆದದ್ದೆಂದು ಗೊತ್ತಾದರೆ ಪತ್ರವೂ ಬಿದ್ದುಹೋಗುತ್ತದೆ, ನೋಟರಿಯೂ ಬಿದ್ದುಹೋಗುತ್ತಾನೆ. ಅದಕ್ಕೇ ಬಿಯಾಜೊ ಬರೆಯುವ ಕೋಣೆಯ ಹಿಂದೆ ಹಲಗೆ ಹೊಡೆಸಿ ಒಂದು ಒಳಕೋಣೆ ಮಾಡಿಸಿದ. ಮೇಲೆ ಕೈಗೆಟುಕದಷ್ಟು ಎತ್ತರದಲ್ಲಿ ಒಂದು ಚೌಕದ ಬೆಳಕಿಂಡಿ. ಬಂದವರು ಹೊರಗೆ ಕೂತು ತಮ್ಮ ಕಥೆ ಹೇಳುತ್ತಿದ್ದರು. ಬಿಯಾಜೊ ಅದನ್ನು ಗಟ್ಟಿಯಾಗಿ ಇನ್ನೊಂದು ಸಲ ಹೇಳುತ್ತಿದ್ದ. ಹಲಗೆಯ ಆಚೆ ತದ್ದೇಯಾ ಬರೆದುಕೊಳ್ಳುತ್ತಿದ್ದಳು. "ನಾಳೆ ಬನ್ನಿ, ಶುದ್ಧ ಪ್ರತಿ ಮಾಡಿಡ್ತೀನಿ" ಎಂದು ಅವನು ಅವರನ್ನು ಕಳುಹಿಸುತ್ತಿದ್ದ. ಮದುವೆಯ ಕರಾರು, ಗದ್ದೆಯ ಮಾರಾಟ, ಸಾಯುವವರ ಉಯಿಲು, ಅಣ್ಣತಮ್ಮಂದಿರ ಪಾಲು, ಊರಿನ ಬದುಕೆಲ್ಲ ಆ ಹಲಗೆಯ ಸಂದಿನಲ್ಲಿ ಅವಳ ಕಿವಿಗೆ ಬೀಳುತ್ತಿತ್ತು. ಕೆಮ್ಮು ಬಂದರೆ ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಳ್ಳುವುದನ್ನು ಅವಳು ಬೇಗ ಕಲಿತಳು.

ಆದರೆ ಆ ಕತ್ತಲೆಗೂಡಿನಲ್ಲಿ ಅವಳಿಗೊಂದು ಸುಖವೂ ಸಿಕ್ಕಿತು. ಲ್ಯಾಟಿನ್ ಇನ್ನಷ್ಟು ಚೊಕ್ಕವಾಗಲಿ ಎಂದು ಅಪ್ಪ ಹಳೆಯ ರೋಮಿನವರ ಪುಸ್ತಕಗಳನ್ನು ಎರವಲು ತಂದುಕೊಟ್ಟ. ಆಗ ಪಾಡುವಾ, ವೆರೋನಾ ಎಲ್ಲ ಕಡೆಯೂ ಅದೇ ಮಾತು. ಹಳಬರ ಹಾಗೆ ಬರೆಯಬೇಕು, ಹಳಬರ ಹಾಗೆ ಮಾತಾಡಬೇಕು, ಮಠಗಳ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಪುಸ್ತಕಗಳನ್ನು ಕೆಳಗಿಳಿಸಬೇಕು. ತದ್ದೇಯಾ ಪುಸ್ತಕ ಹಿಂತಿರುಗಿಸುವ ಮುನ್ನ ಪೂರ್ತಿ ನಕಲು ಮಾಡಿಕೊಳ್ಳುತ್ತಿದ್ದಳು. ಸತ್ತು ಸಾವಿರ ವರ್ಷವಾದ ಗಂಡಸರು ಗೆಳೆಯರಿಗೆ ಬರೆದ ಕಾಗದಗಳನ್ನು ಓದಿ, ಅವರಿಗೆಲ್ಲ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದಳು. ಒಂದು ವಾಕ್ಯವನ್ನು ಹತ್ತು ಬಗೆಯಲ್ಲಿ ತಿರುಗಿಸಿ, ಕೊನೆಯ ಪದ ಗಂಟೆಯ ಹಾಗೆ ಬಿದ್ದಾಗ ತಾನೇ ನಗುತ್ತಿದ್ದಳು.

ಹದಿನಾರಕ್ಕೆ ಬಣ್ಣಗಾರರ ಮನೆಯಿಂದ ಸಂಬಂಧ ಬಂತು. ಬಿಯಾಜೊ ಬೇಡವೆಂದ. ಹತ್ತೊಂಬತ್ತಕ್ಕೆ ಕೊನೆಲ್ಯಾನೊ ಊರಿನ ಔಷಧಿ ಅಂಗಡಿಯವನೊಬ್ಬ ಕೇಳಿದ. ಹೆಂಡತಿ ಸತ್ತವನು, ಸಭ್ಯ, ಮನೆಯಲ್ಲಿ ಪುಸ್ತಕಗಳೂ ಇದ್ದವು. ಅದಕ್ಕೂ ಬೇಡವೆಂದ. ಮನೆ ನಡೆಸುತ್ತಿದ್ದ ಅವನ ತಂಗಿ ಅಂಜೊಲಾಳ ಬಾಯಿ ಸುಮ್ಮನಿರುವಂಥದ್ದಲ್ಲ. ಬಟಾಣಿ ಸುಲಿಯುತ್ತಿದ್ದವಳು ಬೋಗುಣಿಯನ್ನು ಕುಕ್ಕಿದಳು.

"ಏನಣ್ಣಾ, ಹುಡುಗೀನ ಉಪ್ಪು ಹಾಕಿ ಜಾಡೀಲಿಡ್ತೀಯಾ? ಇನ್ನೆರಡು ವರ್ಷ ಹೋದ್ರೆ ಕೇಳೋಕೆ ಕುಂಟರೂ ಬರಲ್ಲ."

"ನನ್ನ ಮಗಳಿಗೆ ಓದೋ ಹುಚ್ಚು ಕಣೇ. ಆ ಔಷಧಿಯವನ ಮನೇಲಿ ಬೇರು ಕುಟ್ಕೊಂಡು ಇರ್ತಾಳಾ ಅವಳು?"

ಹಲಗೆಯ ಆಚೆ ಕೂತಿದ್ದ ತದ್ದೇಯಾಳ ಕಣ್ಣು ತುಂಬಿತು. ಅಪ್ಪ ತನ್ನನ್ನು ಎಷ್ಟು ಚೆನ್ನಾಗಿ ಅರಿತಿದ್ದಾನೆ ಎಂದುಕೊಂಡಳು. ಅದೇ ಧೈರ್ಯದಲ್ಲಿ ಒಂದು ತಿಂಗಳು ಬಿಟ್ಟು ಅವನ ಹತ್ತಿರ ಹೋಗಿ, ಹಾಗಾದರೆ ತಾನು ಸನ್ಯಾಸಿನಿಯರ ಮಠಕ್ಕೆ ಸೇರುತ್ತೇನೆ, ಅಲ್ಲಿ ಓದಿಕೊಂಡಿರಬಹುದು ಎಂದಳು. ಬಿಯಾಜೊ ಅವಳತ್ತ ತಿರುಗಿದ. ಅಷ್ಟು ಹೊತ್ತಿಗೆ ಅವನಿಗೆ ಮುಖಗಳೆಲ್ಲ ಬರೀ ಬಿಳಿ ಮಚ್ಚೆಗಳು.

"ಮಠಕ್ಕಾ? ನೀನು ಮಠಕ್ಕೆ ಹೋದ್ರೆ ಪತ್ರ ಯಾರು ಬರೀತಾರೆ?"

ಅಷ್ಟೇ. ಅವನು ಸಿಟ್ಟಿನಿಂದ ಹೇಳಲಿಲ್ಲ, ನೀರು ಯಾರು ತರುತ್ತಾರೆ ಎಂದು ಕೇಳುವ ಹಾಗೆ ಕೇಳಿದ. ತದ್ದೇಯಾ ಒಳಕೋಣೆಗೆ ವಾಪಸು ಬಂದು ಕೂತಳು. ಅರ್ಧ ಬರೆದಿದ್ದ ಉಯಿಲು ಮೇಜಿನ ಮೇಲಿತ್ತು. ಅದನ್ನು ಬರೆದು ಮುಗಿಸಿದಳು. ಇನ್ನೇನು ಮಾಡಬಹುದಿತ್ತು ಎಂದು ಆಮೇಲೆ ಎಷ್ಟೋ ವರ್ಷ ಅವಳು ಯೋಚಿಸಿದ್ದುಂಟು.

ಅದೇ ವರ್ಷ ಗಾಸ್ಪರೊ ಕಾನೂನು ಓದಲು ಪಾಡುವಾಕ್ಕೆ ಹೊರಟ. ನೋಡಲು ಚೆಂದದ ಹುಡುಗ, ಒಳ್ಳೆಯ ಕಂಠ, ಯಾರ ಹತ್ತಿರವೂ ಹತ್ತು ನಿಮಿಷದಲ್ಲಿ ಸ್ನೇಹ ಕುದುರಿಸುವವನು. ತಲೆ ಮಾತ್ರ ನಿಧಾನ. ಮೊದಲ ಕಾಗದ ಎರಡು ವಾರದಲ್ಲೇ ಬಂತು. "ಅಕ್ಕಾ, ಗೆಳೆಯನೊಬ್ಬನ ಮದುವೆಯಲ್ಲಿ ನಾನು ಲ್ಯಾಟಿನ್‌ನಲ್ಲಿ ಮಾತಾಡಬೇಕಂತೆ. ನನ್ನ ಮಾನ ನಿನ್ನ ಕೈಯಲ್ಲಿದೆ." ತದ್ದೇಯಾ ಬರೆದು ಕಳುಹಿಸಿದಳು. ಸಂತೋಷದಿಂದಲೇ ಬರೆದಳು. ತನ್ನ ವಾಕ್ಯಗಳು ಮೊದಲ ಸಲ ಆ ಹಲಗೆ ದಾಟಿ ಹೊರಗೆ ಹೋಗುತ್ತಿವೆಯಲ್ಲ ಎಂಬ ಸಂಭ್ರಮ ಅವಳಿಗೆ. ಆಮೇಲೆ ಇನ್ನೊಂದು ಮದುವೆ, ಒಬ್ಬ ಗುರುವಿನ ಬೀಳ್ಕೊಡುಗೆ, ಒಬ್ಬ ಶ್ರೀಮಂತನ ಶವಸಂಸ್ಕಾರ. ಐದು ವರ್ಷ ಬಿಟ್ಟು ಗಾಸ್ಪರೊ ಊರಿಗೆ ಬಂದಾಗ ಅವನ ಮಾತಿನ ಖ್ಯಾತಿ ಅವನಿಗಿಂತ ಮುಂಚೆ ಬಂದಿತ್ತು. ಬಿಷಪ್ಪರು ಅವನನ್ನು ಕರೆದು ತಮ್ಮ ಕಾರ್ಯದರ್ಶಿ ಮಾಡಿಕೊಂಡರು.

ವೆನಿಸ್‌ನಿಂದ ಬಂದ ನಗರಾಧಿಕಾರಿಯ ಎಳೆಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ದೊಡ್ಡ ಚರ್ಚಿನಲ್ಲಿ ಮಾತಾಡಲು ಗಾಸ್ಪರೊನಿಗೇ ಹೇಳಿದರು. ತದ್ದೇಯಾ ಮೂರು ದಿನ ಬರೆದಳು. ಆ ಹೆಂಗಸನ್ನು ಅವಳು ಕಂಡದ್ದು ಒಂದೇ ಸಲ, ಹಲಗೆಯ ಸಂದಿನಿಂದ. ಅವಳು ತನ್ನ ಬಟ್ಟೆಬರೆಯನ್ನು ಯಾರಿಗೆ ಕೊಡಬೇಕೆಂದು ಉಯಿಲು ಬರೆಸಲು ಬಂದಿದ್ದಳು. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹೆದರಿಕೆಯನ್ನು ನಗುವಿನಲ್ಲಿ ಮುಚ್ಚಿಕೊಂಡು ಮಾತಾಡಿದ್ದಳು. ತದ್ದೇಯಾ ಅದೇ ಹೆದರಿಕೆಯನ್ನು ಬರೆದಳು. ಚರ್ಚಿನಲ್ಲಿ ಹೆಂಗಸರ ಬದಿಯಲ್ಲಿ ಅಂಜೊಲಾಳ ಪಕ್ಕ ನಿಂತು ಕೇಳಿದಳು. ಗಾಸ್ಪರೊನ ಕಂಠ ಕಂಬಗಳ ನಡುವೆ ತುಂಬಿ ಬಂತು. ಲ್ಯಾಟಿನ್ ತಿಳಿದವರು ಅತ್ತರು. ಅವರು ಅತ್ತದ್ದು ನೋಡಿ ತಿಳಿಯದವರೂ ಅತ್ತರು. ಒಂದು ಕಡೆ ಅವನು ಉಸಿರು ತಪ್ಪಿಸಿ ವಾಕ್ಯವನ್ನು ನಡುವೆ ಮುರಿದ. ತದ್ದೇಯಾಳ ತುಟಿ ತಾನಾಗಿ ಅಲುಗಿ ಅದನ್ನು ಸರಿಮಾಡಿತು.

ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಪಕ್ಕದವರಿಂದ ಅರ್ಥ ಕೇಳಿಕೊಂಡು ಇತ್ತ ತಿರುಗಿ, "ನಿನ್ನ ತಮ್ಮ ಅಲ್ವೇನಮ್ಮಾ? ಹೆಂಗಸರ ಒಡಲಿನ ಕಷ್ಟ ಗಂಡಸಿಗೆ ಹೇಗೆ ಗೊತ್ತಾಯ್ತೋ! ದೇವರು ಕೊಟ್ಟ ನಾಲಿಗೆ" ಎಂದಳು.

"ಹೂಂ, ದೇವರು ಕೊಟ್ಟಿದ್ದು" ಎಂದಳು ತದ್ದೇಯಾ.

ಅವತ್ತಿನಿಂದ ಅವಳಿಗೆ ಸುಮ್ಮನೆ ಕೂರಲಾಗಲಿಲ್ಲ. ಅವಳಿಗಾಗ ಇಪ್ಪತ್ತೇಳರ ಹತ್ತಿರ. ಪಾಡುವಾದಲ್ಲಿ ಮಾತಿನ ಕಲೆ ಕಲಿಸುತ್ತಿದ್ದ ಅಲ್ವೀಸೆ ಪೊಂಪಾನ ಎಂಬ ದೊಡ್ಡ ವಿದ್ವಾಂಸರಿದ್ದರು. ಗಾಸ್ಪರೊನ ಗುರುಗಳು, ಅವನನ್ನು ಮಗನ ಹಾಗೆ ಕಾಣುವವರು. ಅವರಿಗೊಂದು ಕಾಗದ ಬರೆಯಬೇಕು, ತನ್ನ ಹೆಸರಿನಲ್ಲಿ. ತಮ್ಮನ ಗುಟ್ಟು ಬಿಡುವುದು ಬೇಡ. ತಾನೂ ಓದಿದವಳು, ತನ್ನ ಜೊತೆಗೂ ಒಂದೆರಡು ಮಾತಾಡಿ ಎಂದಷ್ಟೇ ಕೇಳಿಕೊಳ್ಳಬೇಕು.

ವಾಕ್ಯಗಳು ತಾವಾಗಿ ಬಂದವು. ಬರೆಯಲು ಕೂತಾಗ ಮಾತ್ರ ಕೈ ನಿಂತಿತು. ಕಾಗದದ ಮೇಲೆ ಮೂಡುತ್ತಿದ್ದದ್ದು ಅಪ್ಪನ ಅಕ್ಷರ. ಅದೇ ಉದ್ದ ಬಾಲ, ಅದೇ ಕೊಕ್ಕೆ. ತನ್ನದೇ ಒಂದು ಅಕ್ಷರ ಬರೆಯೋಣವೆಂದು ಇನ್ನೊಂದು ಹಾಳೆ ತೆಗೆದಳು. ದುಂಡಗೆ ಬರೆದಳು, ಓರೆಯಾಗಿ ಬರೆದಳು, ಸಣ್ಣಗೆ ಬರೆದಳು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಬಿಯಾಜೊ ಮತ್ತೆ ಬಂದು ಕೂತಿರುತ್ತಿದ್ದ. ಹನ್ನೊಂದರ ವಯಸ್ಸಿನಿಂದ ಅವಳ ಬೆರಳಿಗೆ ಬೇರೆ ನಡೆಯೇ ತಿಳಿಯದು. ಕೊನೆಗೆ ಅದೇ ಅಕ್ಷರದಲ್ಲೇ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಪಾಡುವಾಕ್ಕೆ ಉಣ್ಣೆ ಒಯ್ಯುವ ಗಾಡಿಯವನ ಕೈಗೆ ಅಂಜೊಲಾಳಿಂದ ಕೊಡಿಸಿದಳು.

ಮೂರು ತಿಂಗಳ ಮೇಲೆ ಉತ್ತರ ಬಂತು, ಅವಳಿಗಲ್ಲ, ಗಾಸ್ಪರೊನಿಗೆ. ಅವನು ಬಿಷಪ್ಪರ ಕಚೇರಿಯಿಂದ ಮಟಮಟ ಮಧ್ಯಾಹ್ನ ಓಡಿಬಂದು, ಒಳಕೋಣೆಯ ಬಾಗಿಲು ಹಾಕಿ, ಹಾಳೆಯನ್ನು ಅವಳ ಮುಂದೆ ಹಿಡಿದ. ಪೊಂಪಾನರು ನಗುನಗುತ್ತ ಬರೆದಿದ್ದರು. ನಿಮ್ಮ ಮನೆಯ ತಮಾಷೆ ನನಗೆ ತಲುಪಿತು. ವಾಕ್ಯಗಳು ನಿನ್ನವು ಎಂಬುದನ್ನು ಕುರುಡನೂ ಹೇಳಿಯಾನು, ಮಗನೇ, ನಗರಾಧಿಕಾರಿಯ ಹೆಂಡತಿಗೆ ನೀನು ಬರೆದ ಮಾತಿನ ನಡೆಯೇ ಇಲ್ಲೂ ಇದೆ. ಅಕ್ಷರ ನುರಿತ ನೋಟರಿಯದು, ಅಂದರೆ ನಿನ್ನ ತಂದೆಯವರದು. ಇದರಲ್ಲಿ ನಿನ್ನ ಅಕ್ಕನದು ಹೆಸರು ಮಾತ್ರ. ಮುಂದಿನ ತಿಂಗಳು ಬಿಷಪ್ಪರನ್ನು ಕಾಣಲು ಬರುತ್ತೇನೆ. ಆಗ ಅವಳನ್ನು ನನ್ನ ಮುಂದೆ ಕೂರಿಸಿ ನಾಲ್ಕು ಸಾಲು ಬರೆಸು, ನಗೋಣ.

"ಅಕ್ಕಾ, ಇದೇನು ಮಾಡಿಬಿಟ್ಟೆ?" ಎಂದ ಗಾಸ್ಪರೊ. "ನನ್ನನ್ನ ಕೇಳಬಾರದಿತ್ತಾ?"

"ನನ್ನ ಹೆಸರಲ್ಲಿ ಒಂದು ಕಾಗದ ಬರೆಯೋಕೆ ನಿನ್ನನ್ನ ಕೇಳಬೇಕಿತ್ತಾ?"

"ಅವರು ಬಂದು ಕೂತ್ರೆ? ನೀನು ಬರೆದ್ರೆ? ನನ್ನ ಗತಿ ಏನು?"

"ನಾನು ಬರೀತೀನಿ. ಅದು ನನ್ನದೇ ಅಂತ ಅವರೇ ನೋಡ್ತಾರೆ. ನೀನು ಕಲಿಸಿದ್ದು ಅಂತ ಹೇಳ್ಕೋ. ನಂಗೆ ಅಷ್ಟು ಸಾಕು."

ಗಾಸ್ಪರೊ ಮೋರೆ ಮುಚ್ಚಿಕೊಂಡು ನೆಲದ ಮೇಲೆ ಕೂತ. ಇಪ್ಪತ್ತೈದರ ಗಂಡಸು, ಮಗುವಿನ ಹಾಗೆ. ತದ್ದೇಯಾಳಿಗೆ ಕನಿಕರವೂ ಆಯಿತು. ಆದರೆ ಅದಕ್ಕಿಂತ ಮಿಗಿಲಾಗಿ ಎದೆಯಲ್ಲೇನೋ ಕುಣಿಯುತ್ತಿತ್ತು. ಪೊಂಪಾನರು ನಗಲು ಬರಲಿ. ನಾಲ್ಕೇ ಸಾಲಿನಲ್ಲಿ ಅವರ ನಗು ನಿಲ್ಲಿಸುತ್ತೇನೆ.

ಆ ಕುಣಿತ ನಿಂತದ್ದು ಕಾಲುವೆಯ ಕಟ್ಟೆಯಲ್ಲಿ. ಬಟ್ಟೆ ಒಗೆಯುವ ಮೆನೆಗಾ ಅಲ್ಲಿ ಬೂದಿನೀರಿನಲ್ಲಿ ನೆನೆಸಿದ ಹಾಸುಗಳನ್ನು ಬಡಿಯುತ್ತಿದ್ದಳು. ಗಂಡನಿಲ್ಲದ ಹೆಂಗಸು, ತೋಳು ಗಂಡಸಿನಂಥವು, ಬಾಯಿ ಅದಕ್ಕಿಂತ ಜೋರು. ಮನೆಯ ಬಟ್ಟೆ ಕೊಡುವ ನೆಪದಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಹೋಗುವುದೊಂದೇ ತದ್ದೇಯಾಳಿಗಿದ್ದ ಹೊರಗಿನ ಗಾಳಿ. ಮನಸ್ಸು ತಡೆಯದೆ ಅವತ್ತು ಬಾಯಿ ಬಿಟ್ಟಳು.

"ಮೆನೆಗಾ, ನನ್ನ ತಮ್ಮನ ಮಾತೆಲ್ಲ ನಾನು ಬರೆದದ್ದು ಅಂದ್ರೆ ನಂಬ್ತೀಯಾ?"

ಮೆನೆಗಾ ಕೋಲು ನಿಲ್ಲಿಸಲಿಲ್ಲ. "ತಮ್ಮನ ಮಾತು ನಂಗೊತ್ತಿಲ್ಲ. ಅಪ್ಪನ ಪತ್ರ ನೀನು ಬರೆಯೋದು ಗೊತ್ತು."

ತದ್ದೇಯಾ ತಟ್ಟನೆ ಹಿಂದೆ ತಿರುಗಿ, ಕಟ್ಟೆಯ ಮೇಲೆ ಬೇರೆ ಯಾರಾದರೂ ಇದ್ದಾರೇನೋ ಎಂದು ನೋಡಿದಳು.

"ಗಾಬರಿ ಬೀಳಬೇಡ ಕಣವ್ವಾ. ಹದಿನೈದು ವರ್ಷದಿಂದ ನಿಮ್ಮನೆ ಬಟ್ಟೆ ಒಗೀತಿದೀನಿ. ಯಜಮಾನ್ರ ಅಂಗಿ ತೋಳು ಹಾಲಿನಂಗೆ ಬೆಳ್ಳಗೆ ಬರುತ್ತೆ. ನಿನ್ನ ತೋಳಲ್ಲಿ ಶಾಯಿ. ನಿಂಬೆಹುಳಿ ಹಾಕಿ ಉಜ್ಜಿ ಉಜ್ಜಿ ನನ್ನ ಬೆರಳು ಸವೀತು. ಯಾರಿಗೂ ಹೇಳಿಲ್ಲ. ನಾನ್ಯಾಕೆ ಹೇಳಲಿ?" ಅವಳು ಹಾಸನ್ನು ಹಿಂಡಿ ಬುಟ್ಟಿಗೆ ಹಾಕಿದಳು. "ನನ್ನ ಗಂಡ ಸಾಯೋವಾಗ ಮನೆ ನಂಗೆ ಅಂತ ಬರೆಸಿದ್ದು ನಿಮ್ಮಪ್ಪನ ಹತ್ರಾನೇ ಅಲ್ವಾ? ಆ ಮೈದುನ ಬೊರ್ತೊಲೊ ಇನ್ನೂ ಹೊಂಚು ಹಾಕ್ಕೊಂಡು ಕೂತವ್ನೆ. ಪತ್ರದಲ್ಲಿ ಒಂದು ಓಟೆ ಸಿಕ್ಕಿದ್ರೆ ಸಾಕು ಅವನಿಗೆ, ಮೂರು ಮಕ್ಕಳ ಸಮೇತ ನನ್ನನ್ನ ಕಾಲುವೆಗೆ ನೂಕ್ತಾನೆ."

ತದ್ದೇಯಾ ತಂದಿದ್ದ ಬಟ್ಟೆಯ ಗಂಟನ್ನು ಕೆಳಗಿಟ್ಟಳು. ಮೆನೆಗಾ ಕೈ ಒರೆಸಿಕೊಂಡು ಮೊದಲ ಸಲ ಅವಳ ಮುಖ ನೋಡಿದಳು.

"ಯಾಕವ್ವಾ? ಯಾರಾದ್ರೂ ಕೇಳಿದ್ರಾ?"

"ಇಲ್ಲ, ಯಾರೂ ಕೇಳಿಲ್ಲ" ಎಂದಳು ತದ್ದೇಯಾ.

ಮನೆಗೆ ನಡೆಯುವ ದಾರಿಯುದ್ದಕ್ಕೂ ಅವಳಿಗೆ ಬಾಗಿಲುಗಳೇ ಕಂಡವು. ಈ ಬಾಗಿಲಿನ ಮನೆ ಮಾರಿದ ಪತ್ರ ತಾನು ಬರೆದದ್ದು. ಆ ಮನೆಯ ಮಗಳ ಮದುವೆಯ ಕರಾರು ತಾನು ಬರೆದದ್ದು. ತೋಟಗಾರನ ವಿಧವೆ, ಅಗಸೆನಾರು ನೂಲುವ ಕುರುಡಿ, ಅನಾಥ ಅವಳಿಮಕ್ಕಳು, ಹದಿನಾರು ವರ್ಷದಲ್ಲಿ ಅರ್ಧ ಕೇರಿಯೇ ಅವಳ ಕೊಕ್ಕೆಗಳಿಗೆ ನೇತುಬಿದ್ದಿತ್ತು. ಪೊಂಪಾನರ ಮುಂದೆ ಕೂತು ಅವಳು ನಾಲ್ಕು ಸಾಲು ಬರೆದರೆ ವಾಕ್ಯ ಮಾತ್ರವಲ್ಲ, ಅಕ್ಷರವೂ ಬರುತ್ತದೆ. ಅದು ಯಾರ ಅಕ್ಷರವೆಂದು ಅವರಿಗೆ ಗೊತ್ತು. ಅವರ ಬಾಯಿಂದ ಬಿಷಪ್ಪರ ಊಟದ ಮೇಜಿಗೆ, ಅಲ್ಲಿಂದ ನೋಟರಿಗಳ ಸಂಘಕ್ಕೆ, ಅಲ್ಲಿಂದ ಬೊರ್ತೊಲೊನ ಕಿವಿಗೆ ಎಷ್ಟು ದೂರ?

ಅವತ್ತು ಅವಳು ಊಟ ಮಾಡಲಿಲ್ಲ. ಅಂಜೊಲಾ ಅತ್ತೆ ಅವರೆಕಾಳಿನ ಸಾರಿನ ಬಟ್ಟಲನ್ನು ಎರಡು ಸಲ ಬಿಸಿ ಮಾಡಿ, ಮೂರನೆಯ ಸಲ ತಾನೇ ಕುಡಿದಳು.

ಪೊಂಪಾನರು ಬಂದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ದಪ್ಪ ಮೈ, ಕೆಂಪು ಮುಖ, ನಗುವಾಗ ಹೊಟ್ಟೆ ಕುಲುಕುವ ಮನುಷ್ಯರು. ಅಂಜೊಲಾ ಇಟ್ಟ ಹಾವುಮೀನಿನ ಕಡುಬನ್ನು ಹೊಗಳುತ್ತ ಎರಡು ಸಲ ಹಾಕಿಸಿಕೊಂಡರು. ಬಿಯಾಜೊ ಗೋಡೆಯ ಪಕ್ಕದ ಕುರ್ಚಿಯಲ್ಲಿ, ಕಾಣುವವನ ಹಾಗೆ ಕಣ್ಣರಳಿಸಿಕೊಂಡು ಕೂತಿದ್ದ. ಗಾಸ್ಪರೊ ಕೂರಲೂ ಆರದೆ ನಿಲ್ಲಲೂ ಆರದೆ ಕಿಟಕಿಯ ಹತ್ತಿರ ಇದ್ದ.

"ಏನಮ್ಮಾ, ನೀನೇನಾ ನನಗೆ ಕಾಗದ ಬರೆದವಳು?"

"ಹೆಸರು ನನ್ನದೇ, ಗುರುಗಳೇ."

"ಹಹ್ಹಾ! ಅದನ್ನೇ ನಾನೂ ಹೇಳಿದ್ದು. ಬಾ, ಕೂತ್ಕೋ. ಹೆದರಬೇಡ. ದೂರದಿಂದ ಬಂದ ಮುದುಕನಿಗೆ ಸ್ವಾಗತ ಹೇಳೋ ನಾಲ್ಕು ಸಾಲು, ಅಷ್ಟೇ."

ತದ್ದೇಯಾ ಮೇಜಿನ ಮುಂದೆ ಕೂತಳು. ನಾಲ್ಕು ಸಾಲು ಆಗಲೇ ತಲೆಯಲ್ಲಿ ಸಿದ್ಧವಾಗಿದ್ದವು. ಬೇಡವೆಂದರೂ ಬಂದಿದ್ದವು, ಒಂದಕ್ಕಿಂತ ಒಂದು ಚೆಂದ. ಅವಳು ಲೇಖನಿಯನ್ನು ಮುಷ್ಟಿಯಲ್ಲಿ, ಸೌಟು ಹಿಡಿಯುವ ಹಾಗೆ ಹಿಡಿದಳು. ಆಗಲಾದರೂ ಕೈ ಅಪ್ಪನ ಜಾಡು ಮರೆಯಲಿ ಎಂದು. ದಪ್ಪದಪ್ಪಗೆ, ಒಂದಕ್ಕೊಂದು ಡಿಕ್ಕಿ ಹೊಡೆಯುವಂತೆ ಅಕ್ಷರ ಬರೆದಳು. ಗಂಡುಪದಕ್ಕೆ ಹೆಣ್ಣಿನ ಕೊನೆ ಹಚ್ಚಿದಳು. ಬಂದಿದ್ದೀರಿ ಎನ್ನಬೇಕಾದಲ್ಲಿ ಬರುವಿರಿ ಎಂದಳು. ಒಂದೊಂದು ತಪ್ಪನ್ನೂ ಹುಡುಕಿ, ಆರಿಸಿ, ಸರಿಯಾದದ್ದನ್ನು ಒಳಗೆ ನುಂಗಿ, ಕೆಟ್ಟದ್ದನ್ನು ಹೊರಗಿಟ್ಟಳು. ಅಷ್ಟು ಕಷ್ಟದ ಬರವಣಿಗೆಯನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಹಣೆಯಿಂದ ಬೆವರಿನ ಹನಿ ಹಾಳೆಯ ಮೇಲೆ ಬಿದ್ದು ಶಾಯಿ ಹರಡಿತು.

ಪೊಂಪಾನರು ಹಾಳೆ ಎತ್ತಿಕೊಂಡು ಗಟ್ಟಿಯಾಗಿ ಓದಿದರು. ಮೊದಲ ಸಾಲಿಗೇ ಹೊಟ್ಟೆ ಕುಲುಕಿತು. "'ಓ ಮುದುಕಿಯಾದ ಗುರುವೇ, ನೀವು ನಿನ್ನೆ ಬರುವಿರಿ!' ಅಯ್ಯೋ ನನ್ನಪ್ಪಾ, ಮುದುಕಿ ಮಾಡಿಬಿಟ್ಟಳಲ್ಲೋ ನನ್ನ!"

ಬಿಯಾಜೊ ನಕ್ಕ. ಬಿಡುಗಡೆಯಾದವನ ನಗು ಅದು, ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. ತದ್ದೇಯಾ ಅಪ್ಪನ ಮುಖವನ್ನೇ ನೋಡಿದಳು. ಗಾಸ್ಪರೊ ನಗಲಿಲ್ಲ. ಅವನು ಕಿಟಕಿಯ ಕಡೆ ತಿರುಗಿ ನಿಂತ.

"ಬೇಜಾರು ಮಾಡ್ಕೋಬೇಡಮ್ಮಾ" ಎಂದರು ಪೊಂಪಾನರು. ಅವರು ಕೆಟ್ಟವರಲ್ಲ. ಅವಳ ತಲೆಯ ಮೇಲೆ ಕೈಯಿಟ್ಟರು. "ಇಷ್ಟಾದರೂ ಕಲಿತಿದೀಯಲ್ಲ, ಅದೇ ದೊಡ್ಡದು. ಇಂಥ ತಮ್ಮ ಇರೋವಾಗ ನಿನಗೇಕೆ ಈ ತಾಪತ್ರಯ?"

"ಹೌದು ಗುರುಗಳೇ" ಎಂದಳು. ಮಡಕೆಯ ತಣ್ಣೀರಿನಲ್ಲಿಟ್ಟಿದ್ದ ಕಲ್ಲಂಗಡಿ ತರಲು ಒಳಗೆ ಹೋದವಳು ಒಲೆಯ ಪಕ್ಕ ಗೋಡೆಗೊರಗಿ ನಿಂತುಬಿಟ್ಟಳು. ಕಲ್ಲಂಗಡಿಯನ್ನು ಅಂಜೊಲಾಳೇ ಕೊಯ್ದು ಒಯ್ದಳು.

ಆ ಮೇಲಿನ ವರ್ಷಗಳ ಬಗ್ಗೆ ಹೇಳುವುದು ಕಡಿಮೆ. ಬಿಯಾಜೊ ಮೂರು ವರ್ಷ ಬದುಕಿ, ಒಂದು ಚಳಿಗಾಲ ಎದೆ ಕಟ್ಟಿ ತೀರಿಕೊಂಡ. ಸಾಯುವಾಗ ಮಗಳ ಬಲಗೈ ಹುಡುಕಿ ಹಿಡಿದುಕೊಂಡ. ಕ್ಷಮೆ ಕೇಳುತ್ತಾನೆ ಎಂದು ಅವಳು ಕಾದಳು. "ಹಳೇ ಪತ್ರಗಳ ಪೆಟ್ಟಿಗೆ ಭದ್ರ" ಎಂದ. ನೋಟರಿಯ ಬೋರ್ಡು ಇಳಿಯಿತು. ಒಳಕೋಣೆಯ ಹಲಗೆ ಮಾತ್ರ ಹಾಗೇ ಉಳಿಯಿತು, ಏಕೆಂದರೆ ಗಾಸ್ಪರೊನ ಮಾತುಗಳಿಗೆ ಬೇಡಿಕೆ ಇನ್ನೂ ಇತ್ತು. ಅವಳು ಬರೆಯುತ್ತಲೇ ಇದ್ದಳು. ಬರೆಯದಿದ್ದರೆ ಆ ವಾಕ್ಯಗಳಿಗೆ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗಾಸ್ಪರೊನಿಗೂ ಗೊತ್ತಿತ್ತು.

ಅವಳಿಗೆ ಮೂವತ್ನಾಲ್ಕಾದ ವರ್ಷ, ಊರಿನ ದೊಡ್ಡ ಮನೆತನವೊಂದರ ಹದಿಮೂರರ ಹುಡುಗಿಯನ್ನು ಮಠಕ್ಕೆ ಸೇರಿಸುವ ಸಮಾರಂಭ ಬಂತು. ಬಿಷಪ್ಪರು ಮಾತಿನ ವಿಷಯವನ್ನೂ ಹೇಳಿ ಕಳುಹಿಸಿದ್ದರು.

"ಏನು ವಿಷಯ?" ಎಂದು ಕೇಳಿದಳು ತದ್ದೇಯಾ.

ಗಾಸ್ಪರೊ ಟೋಪಿಯ ಅಂಚು ತಿರುವಿದ. "ಮೌನ. ಹೆಣ್ಣಿಗೆ ಮೌನಾನೇ ಒಡವೆ ಅನ್ನೋದರ ಮೇಲೆ. ಇನ್ನು ನಾಲ್ಕು ದಿನ ಇದೆ."

ತದ್ದೇಯಾ ಹೊಲಿಯುತ್ತಿದ್ದ ಕಾಲುಚೀಲವನ್ನು ಮಡಿಲಲ್ಲಿಟ್ಟಳು.

"ಇದನ್ನ ಬರೆಯಲ್ಲ."

"ಅಕ್ಕಾ—"

"ಇದನ್ನ ಬರೆಯಲ್ಲ ಗಾಸ್ಪರೊ. ಮುಂದೇನೂ ಬರೆಯಲ್ಲ."

ಅವನು ಮೊದಲು ನಕ್ಕ, ಆಮೇಲೆ ಬೇಡಿದ, ಆಮೇಲೆ ಕಿರುಚಿದ. "ಈ ಮನೆ, ಈ ಊಟ, ಎಲ್ಲ ಯಾವುದರಿಂದ ಬರ್ತಿದೆ ಅಂದ್ಕೊಂಡಿದೀಯಾ?" ಎಂದ. "ನನ್ನಿಂದ" ಎಂದಳು. ಅವನು ಕೈಯೆತ್ತಿದ, ಎತ್ತಿದ ಕೈಯನ್ನು ತಾನೇ ನೋಡಿಕೊಂಡು ಇಳಿಸಿದ. ಎರಡನೆಯ ದಿನ ಅವಳನ್ನು ಒಳಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದ. ಮೇಜಿನ ಮೇಲೆ ಶಾಯಿ, ಹಾಳೆ, ಲೇಖನಿ. ತದ್ದೇಯಾ ಬೆಳಕಿಂಡಿಯ ಚೌಕ ಗೋಡೆಯ ಮೇಲೆ ಹರಿದಾಡುವುದನ್ನು ನೋಡುತ್ತ ಕೂತಳು. ಇಪ್ಪತ್ಮೂರು ವರ್ಷ ಚಿಲಕವಿಲ್ಲದೆಯೇ ಕೂತಿದ್ದವಳಿಗೆ ಚಿಲಕ ಹೊಸದೆನಿಸಲಿಲ್ಲ. ಸಂಜೆ ಅಂಜೊಲಾ, ಎಪ್ಪತ್ತು ದಾಟಿದ ಮುದುಕಿ, ಮಚ್ಚಿನ ಹಿಂಬದಿಯಿಂದ ಚಿಲಕವನ್ನು ಬಡಿದು ಕಿತ್ತುಹಾಕಿದಳು.

"ಬಾ ಉಣ್ಣು. ಅವನೇನಾದ್ರೂ ಅಂದ್ರೆ ನಾನು ಮಾತಾಡ್ಕೋತೀನಿ. ನಿಮ್ಮಪ್ಪನಿಗೆ ಅವತ್ತೇ ಹೇಳಿದ್ದೆ, ಔಷಧಿಯವನಿಗೆ ಕೊಡು ಅಂತ."

ನಾಲ್ಕನೆಯ ದಿನ ಗಾಸ್ಪರೊ ತಾನೇ ಏನೋ ಗೀಚಿಕೊಂಡು ಹೋದ. ತದ್ದೇಯಾ ಮನೆಯಲ್ಲೇ ಉಳಿದಳು. ಮಠದ ಗಂಟೆ ಬಾರಿಸಿದ್ದು ಕೇಳಿಸಿತು. ಅವಳು ನೆಲ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಮಾತು ಮುರಿದುಬಿದ್ದಿರುತ್ತದೆ, ಬಿಷಪ್ಪರು ಹುಬ್ಬು ಗಂಟಿಕ್ಕಿರುತ್ತಾರೆ, ಇದೇನಾಯಿತು ಇವನಿಗೆ ಎಂದು ಯಾರಾದರೂ ಕೇಳಿರುತ್ತಾರೆ. ಕೇಳಲಿ ಎಂಬ ಆಸೆಯೂ ಕೇಳಿದರೇನು ಗತಿ ಎಂಬ ದಿಗಿಲೂ ಒಟ್ಟಿಗೇ ಅವಳನ್ನು ಎಳೆದಾಡುತ್ತಿದ್ದವು.

ಗಾಸ್ಪರೊ ಮಧ್ಯಾಹ್ನ ಬಂದ. ಮೇಲಂಗಿ ತೆಗೆದು ಮೊಳೆಗೆ ಹಾಕಿ, ಮೇಜಿನ ಮುಂದೆ ಕೂತ. ಅಂಜೊಲಾ ರೊಟ್ಟಿ, ಗಿಣ್ಣು ಇಟ್ಟಳು. ಅವನು ಮುಟ್ಟಲಿಲ್ಲ.

"ಏನಂದ್ರು?" ಎಂದಳು ತದ್ದೇಯಾ, ಬಾಗಿಲಲ್ಲಿ ನಿಂತು.

"ಚೆನ್ನಾಗಿತ್ತು ಅಂದ್ರು."

"ಚೆನ್ನಾಗಿತ್ತು ಅಂತಾ?"

"ಯಾವಾಗಿನ ಹಾಗೇ ಇತ್ತು ಅಂದ್ರು. ಬಿಷಪ್ಪರು ಮೆಚ್ಚಿ, ಮುತ್ತಿಡೋಕೆ ಉಂಗುರದ ಕೈ ಚಾಚಿದ್ರು. ಹುಡುಗಿ ಅಮ್ಮ ಅತ್ತಳು. ಯಾರಿಗೂ ಏನೂ ಗೊತ್ತಾಗಲಿಲ್ಲ ಅಕ್ಕಾ." ಅವನು ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅರ್ಧ ಗಂಟೆ ಮಾತಾಡಿದೆ. ಒಂದು ಸಾಲೂ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ನನ್ನ ಕಿವಿಗೇ ಕೇಳಿಸ್ತಿತ್ತು. ಆ ಮಗು ಮಂಡಿಯೂರಿ ನನ್ನನ್ನೇ ನೋಡ್ತಿತ್ತು."

ತದ್ದೇಯಾ ಹೊಸ್ತಿಲ ಮೇಲೆಯೇ ಕೂತಳು. ಹದಿನೈದು ವರ್ಷ ಪದಕ್ಕೆ ಪದ ತೂಗಿ ಕಟ್ಟಿದ ಮಾತಿಗೂ, ನಾಲ್ಕು ದಿನದಲ್ಲಿ ಗೀಚಿದ ಮಾತಿಗೂ ಊರು ಒಂದೇ ಚಪ್ಪಾಳೆ ತಟ್ಟಿತ್ತು. ಪೊಂಪಾನರು ನಕ್ಕಾಗಲೂ ಅವಳಿಗೆ ಹೀಗಾಗಿರಲಿಲ್ಲ.

"ನನಗೆ ಗೊತ್ತಾಯ್ತು" ಎಂದ ಗಾಸ್ಪರೊ, ಮೇಜು ನೋಡುತ್ತ. "ಅಷ್ಟು ಜನದಲ್ಲಿ ನನಗೊಬ್ಬನಿಗೇ."

ಅವನು ಅವಳನ್ನು ಮತ್ತೆಂದೂ ಕೇಳಲಿಲ್ಲ. ಎರಡು ವರ್ಷ ಹಾಗೂ ಹೀಗೂ ಮಾತಾಡಿಕೊಂಡಿದ್ದು, ಗಂಟಲು ಕೆಟ್ಟಿದೆ ಎಂದು ಹೇಳಿ, ಬಿಷಪ್ಪರ ದ್ರಾಕ್ಷಿತೋಟಗಳನ್ನು ನೋಡಿಕೊಳ್ಳುವ ಕೆಲಸ ಕೇಳಿ ಪಡೆದ. ಬೆಟ್ಟದ ಕಡೆಯ ಹಳ್ಳಿಯಲ್ಲಿ ಮದುವೆಯಾಗಿ ಅಲ್ಲೇ ನಿಂತ. ಬಳ್ಳಿ ಸವರುವುದರಲ್ಲಿ ಅವನ ಕೈ ಒಳ್ಳೆಯದೆಂದು ಆ ಕಡೆಯಿಂದ ಬಂದವರು ಹೇಳುತ್ತಿದ್ದರು. ವರ್ಷಕ್ಕೆರಡು ಸಲ ವೈನು, ಚೆಸ್ಟ್‌ನಟ್ ಕಳುಹಿಸುತ್ತಿದ್ದ. ಜೊತೆಗೆ ಒಂದು ಚೀಟಿ, ಆಡುಮಾತಿನಲ್ಲಿ, ತಪ್ಪುತಪ್ಪಾಗಿ, ತನ್ನ ಕೈಯಾರೆ ಬರೆದದ್ದು.

ತದ್ದೇಯಾ ಅದೇ ಮನೆಯಲ್ಲಿ ಅತ್ತೆಯ ಜೊತೆ ಉಳಿದಳು. ಮೆನೆಗಾಳ ದೊಡ್ಡ ಮಗ ವೆನಿಸ್‌ನ ಹಡಗಿಗೆ ಸೇರಿದಾಗ ತಾಯಿಯ ಪರವಾಗಿ ಅವನಿಗೊಂದು ಕಾಗದ ಬರೆದುಕೊಟ್ಟಳು. ಆಮೇಲೆ ಮೆನೆಗಾಳ ನೆರೆಯವಳು ಬಂದಳು, ಅವಳ ಹಿಂದೆ ಇನ್ನಿಬ್ಬರು. ಹೆಂಗಸರ ಮನೆವಾರ್ತೆ, ಯಾರೂ ಮುದ್ರೆ ಕೇಳದಂಥದ್ದು. ಮೊಟ್ಟೆ, ಸೌದೆ, ಒಮ್ಮೊಮ್ಮೆ ಒಂದು ಹಾವುಮೀನು ತಂದುಕೊಡುತ್ತಿದ್ದರು. ಲ್ಯಾಟಿನ್‌ನಲ್ಲಿ ಅವಳು ಮತ್ತೆ ಬರೆದದ್ದನ್ನು ಯಾರೂ ಕಾಣಲಿಲ್ಲ. ಬರೆದಳೋ ಇಲ್ಲವೋ ಅಂಜೊಲಾಳಿಗೂ ಗೊತ್ತಿಲ್ಲ. ಅಪ್ಪನ ಪತ್ರಗಳ ಪೆಟ್ಟಿಗೆಯನ್ನು ಸಂಘದವರು ಎರಡು ಸಲ ಪರಿಶೀಲಿಸಿ, ಬಿಯಾಜೊನಂಥ ಶುದ್ಧ ಕೈ ಈಗಿನವರಲ್ಲಿ ಇಲ್ಲವೆಂದು ಹೇಳಿ ಹೋದರು. ಅವರಿಗೆ ಅವಳೇ ನೀರು ಕೊಟ್ಟಳು.

ಬೇಸಿಗೆಯಲ್ಲಿ ಹೊಸ್ತಿಲ ಹತ್ತಿರ ಸ್ಟೂಲು ಹಾಕಿಕೊಂಡು ಬರೆಯುತ್ತಿದ್ದಳು, ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತಿತ್ತು. ಬಂದ ಹೆಂಗಸು ಹೇಳುತ್ತ ಹೇಳುತ್ತ ಅತ್ತುಬಿಟ್ಟರೆ ಲೇಖನಿ ಎತ್ತಿ ಕಾಯುತ್ತಿದ್ದಳು.

"ಹೂಂ, ಹೇಳು" ಎನ್ನುತ್ತಿದ್ದಳು ಆಮೇಲೆ. "ನೀನು ಹೇಳಿದ ಹಾಗೇ ಬರೀತೀನಿ."